ಫೋನಿನ ಕೊನೆಯ ಮಾತು

"ಸರಿ ಪುಟ್ಟ, ಹೊಟ್ಟೆ ತುಂಬ ಊಟ ಮಾಡು, ಹುಷಾರು" ಎಂದು ಫೋನ್ ಇಟ್ಟ ಮೇಲೆ ಅವಳಿಗೆ ಹೊಳೆಯಿತು: ತಾನು ಮಾತಾಡಿದ್ದು ತನ್ನ ಅಕ್ಕನ ಮಗನ ಜೊತೆ ಅಲ್ಲ, ಮಹಡಿಯ ಮೇಲಿನ ಮ್ಯಾನೇಜರ್ ಜೊತೆ.

ಕನ್ನಡಕದ ಅಂಗಡಿಯವರು ಅವಳನ್ನು, ಕೆಲಸ ಹೇಗೆ ಮಾಡುತ್ತಾಳೆ ನೋಡೋಣವೆಂದು ಇಟ್ಟುಕೊಂಡಿದ್ದರು. ಕೆಲಸ ಕಾಯಂ ಆಗುತ್ತದೋ ಇಲ್ಲವೋ, ಆ ಸಂಜೆ ಗೊತ್ತಾಗುವುದಿತ್ತು. ಅವಳು ಕೇಳಬೇಕಾಗಿದ್ದದ್ದು ಹೊಸ ಫ್ರೇಮುಗಳನ್ನು ಮೇಲೆ ಕಳಿಸಲೇ ಎಂದಷ್ಟೇ. ಆ ಕಡೆಯಿಂದ "ಹೂಂ" ಎಂದು ಉತ್ತರವೂ ಬಂದಿತ್ತು. ಅಲ್ಲಿಗೆ ನಿಲ್ಲಿಸಬಹುದಿತ್ತು. ಹಾಳು ನಾಲಿಗೆ, ಅಭ್ಯಾಸದ ದಾರಿ ಹಿಡಿದು ಓಡಿಬಿಟ್ಟಿತು.

ಮೇಲಿನಿಂದ ನಗು ಕೇಳಿಸಿತು. ಅಂಗಡಿ ತುಂಬ ಕನ್ನಡಿಗಳು. ಎತ್ತ ತಿರುಗಿದರೂ ಬೇಯಿಸಿದ ಬೀಟ್‌ರೂಟಿನಂಥ ತನ್ನದೇ ಮುಖ. ಆ ಗಾಬರಿಯಲ್ಲಿ ಗಿರಾಕಿಯೊಬ್ಬರಿಗೆ ಕನ್ನಡಕವನ್ನು ತಲೆಕೆಳಗಾಗಿ ಏರಿಸಿದಳು.

"ನನ್ನ ಕಿವಿ ಇನ್ನೂ ಇದ್ದಲ್ಲೇ ಇದೆಯಮ್ಮ," ಎಂದರು ಅವರು.

ಗಾಜು ಉಜ್ಜುವ ಅಕ್ಕ ಒಳಗಿನಿಂದ ಇಣುಕಿದಳು. "ಏನಾಯ್ತೇ? ದೆವ್ವ ಕಂಡೋರ ಥರ ನಿಂತಿದೀಯಲ್ಲ."

ಅವಳು ಪಿಸುಗುಟ್ಟಿದಳು.

"ಪುಟ್ಟ ಅಂದ್ಯಾ? ಆ ಮೀಸೆಗೆ?" ಅಕ್ಕ ಬಾಯಿಗೆ ಕೈ ಒತ್ತಿಕೊಂಡಳು. "ಆಯ್ತು ಬಿಡು. ಬೇರೆ ಕಡೆ ಕೆಲಸ ಹುಡುಕ್ಕೋ."

ಮ್ಯಾನೇಜರು ಕೆಳಗಿಳಿದು ಬಂದರು, ಅವಳತ್ತ ನೋಡದೆ ಹೋದರು. ನೋಡಲಿಲ್ಲವೆಂದರೆ ಕೋಪ. ವಾಪಸ್ ಬರುವಾಗ ನೋಡಿದರು. ನೋಡಿದರೆಂದರೆ ಇನ್ನೂ ಕೋಪ. ಅವಳು ಹಿಂದೆ ಸರಿದ ರಭಸಕ್ಕೆ ಫ್ರೇಮುಗಳ ಸ್ಟ್ಯಾಂಡ್ ದಡಾರನೆ ಉರುಳಿತು.

ಎಲ್ಲವನ್ನೂ ಹೆಕ್ಕಿಕೊಟ್ಟವರು, ಸದ್ದು ಕೇಳಿ ಮೇಲಿನಿಂದ ಇಳಿದು ಬಂದ, ಲೆಕ್ಕ ಬರೆಯುವ ಮುದುಕರು. ಯಾರೊಂದಿಗೂ ಮಾತಾಡದ ಅವರನ್ನು ಎಲ್ಲರೂ ಮೌನಿ ಮಾವ ಎನ್ನುತ್ತಿದ್ದರು. ಸ್ವಲ್ಪ ಹೊತ್ತಿಗೆ ಅವರೇ ಒಂದು ಲೋಟ ಟೀ ತಂದಿಟ್ಟು, "ಬಿಸಿ ಇದೆ. ಹುಷಾರು," ಎಂದು ನಕ್ಕರು.

ಹುಷಾರಂತೆ. ತನ್ನದೇ ಮಾತು. ಸುದ್ದಿ ಇವರವರೆಗೂ ಮುಟ್ಟಿದೆ, ಇವರೂ ಅಣಕಿಸುತ್ತಿದ್ದಾರೆ. ಅವಳು ಟೀ ಮುಟ್ಟಲಿಲ್ಲ. ಅದು ಕೆನೆಗಟ್ಟಿ ತಣ್ಣಗಾಯಿತು.

ಸಂಜೆ ಕರೆ ಬಂತು. ಮಹಡಿ ಹತ್ತಿದವಳೇ, ನೆಲವನ್ನೇ ನೋಡುತ್ತ ಒಂದೇ ಉಸಿರಿಗೆ ಹೇಳಿಬಿಟ್ಟಳು:

"ಸರ್, ಬೆಳಿಗ್ಗೆ ಫೋನಲ್ಲಿ ಪುಟ್ಟ, ಊಟ ಮಾಡು ಅಂದಿದ್ದು ಬಾಯಿ ತಪ್ಪಿ ಸರ್. ಅದಕ್ಕೇನೂ ಅರ್ಥ ಇಲ್ಲ. ಈ ವಯಸ್ಸಿನೋರನ್ನ ಹಾಗೆ ಯಾರಾದ್ರೂ ಕರೀತಾರಾ?"

ಮ್ಯಾನೇಜರು ಮೀಸೆ ತುರಿಸಿಕೊಂಡರು. "ನಾನು ಫೋನೇ ಎತ್ತಿಲ್ಲವಲ್ಲಮ್ಮ. ಕೈ ತೊಳೀತಿದ್ದೆ, ಮಾವ ಎತ್ತಿದ್ರು. ಬಂದು ನೋಡಿದ್ರೆ ಒಬ್ರೇ ನಗ್ತಾ ಕೂತಿದಾರೆ. ಏನ್ ಮಾವ ಅಂದ್ರೆ, ನಂಗೆ ಯಾರೋ ಊಟ ಮಾಡು ಅಂದ್ರು ಅಂತಾರೆ. ಆಗಿಂದ ಈ ಹುಡುಗೀನ ಬಿಡಬೇಡಿ ಅಂತ ನನ್ನ ತಲೆ ತಿಂತಿದಾರೆ."

ಅವಳು ಮೆಲ್ಲಗೆ ತಿರುಗಿದಳು. ಬಾಗಿಲ ಪಕ್ಕದ ಮೇಜಿನ ಹಿಂದೆ ಮೌನಿ ಮಾವ ಕೂತಿದ್ದರು. ಕನ್ನಡಕ ಮಡಚಿ ಪಕ್ಕಕ್ಕಿಟ್ಟು, ಅದಿಲ್ಲದೆ ಕಾಣದ ಹಾಳೆಯೊಂದನ್ನು ಬಹಳ ಗಮನವಿಟ್ಟು ಓದುತ್ತಿದ್ದರು.

"ಕೆಲಸ ಕಾಯಂ," ಎಂದರು ಮ್ಯಾನೇಜರು ಖುಷಿಯಿಂದ. "ನಾಳೆಯಿಂದ ಲೆಕ್ಕ ಕಲೀರಿ. ಮಾವನ ಎದುರಿಗೇ ನಿಮ್ಮ ಕುರ್ಚಿ."