ಬಾಗಿಲಿಗೆ ಸೊಂಟ ಬಂದದ್ದು

ಚಹಾದಂಗಡಿಯಲ್ಲಿ ಕಂಟ್ರಾಕ್ಟರು ತಮ್ಮ ಮೊಬೈಲನ್ನು ನಾಲ್ಕು ಜನರ ಎದುರಿಗೇ ಬಡಗಿ ನೆಟ್ಟಗಪ್ಪನವರ ಮೂಗಿನ ಹತ್ತಿರ ಹಿಡಿದು, "ನನ್ನ ಮಗಳು ತೋರಿಸಿದ್ಲು. ಹೊಸ ಕಟ್ಟಡದ ಬಾಗಿಲೆಲ್ಲಾ ನಿಮಗೇ ಕೊಡೋಣ ಅಂತಿದ್ದೆ ಯಜಮಾನ್ರೇ. ನಿಮ್ಮ ಮನೆ ಬಾಗಿಲೇ ಹೊಟ್ಟೆನೋವು ಬಂದವರ ಹಾಗೆ ಮುದುರಿಕೊಂಡಿದೆಯಲ್ಲ?" ಎಂದಾಗ, ನೆಟ್ಟಗಪ್ಪನವರ ಬಾಯಲ್ಲಿದ್ದ ಚಹಾ ಅಂಗಿಯ ಮೇಲಿತ್ತು.

ಫೋಟೊದಲ್ಲಿ ಅವರೇ ಕೂರಿಸಿದ ತೇಗದ ಚೌಕಟ್ಟು ಮಧ್ಯದಲ್ಲಿ ಒಳಕ್ಕೆ ಬಾಗಿತ್ತು. (ಅದರ ಮುಂದೆ ನಿಂತವಳು ಸ್ವಂತ ಮಗಳು ಎಂಬುದು ಅವರಿಗೆ ಆಮೇಲೆ ಹೊಳೆಯಿತು.) ನೆಟ್ಟಗಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಕೆಲಸ ಗಳಿಸಿಕೊಟ್ಟ ಬಿರುದು. 'ಮಳೆಗೆ ಮರ ಬಾಗಿತು ಅನ್ನೋದು ಕೆಲಸ ಬಾರದವನ ಮಾತು' ಎಂಬುದು ಅವರ ಜೀವನಸಿದ್ಧಾಂತ.

"ಮನೆಗೇ ಬಂದು ನೋಡಿ" ಎಂದರು.

"ಪುರುಸೊತ್ತಿಲ್ಲ. ಸಂಜೆಯೊಳಗೆ ಇನ್ನೊಂದು ಫೋಟೊ ಹಾಕ್ಸಿ. ಇಲ್ದಿದ್ರೆ ಬೇರೆಯವರಿಗೆ ಹೇಳ್ತೀನಿ."

ಮನೆಗೆ ಬಂದವರೇ ಚೌಕಟ್ಟಿಗೆ ರಸಮಟ್ಟ ಹಿಡಿದರು. ಗಾಜಿನೊಳಗಿನ ಗುಳ್ಳೆ ನಟ್ಟನಡುವೆ ತಪಸ್ಸಿಗೆ ಕೂತಿತು. ಮರ ನಿರಪರಾಧಿ. (ಅದು ಮನೆಯ ನಡುಬಾಗಿಲು. ನಡುವಿನ ದೆಸೆಯಿಂದಲೇ ಅದರ ಮಾನ ಹೋದದ್ದು ವಿಧಿಲೀಲೆ.)

"ಇಲ್ಲಿ ನೆಟ್ಟಗಿರೋದು ಫೋಟೊದಲ್ಲಿ ಯಾಕಮ್ಮಾ ಬಾಗಿತು?"

ಕಾಲೇಜಿಗೆ ಹೋಗುವ ಮಗಳು ತಲೆ ಎತ್ತಲಿಲ್ಲ. "ಫೋಟೊ ತಿದ್ದುವಾಗ ನನ್ನ ಸೊಂಟ ಸ್ವಲ್ಪ ಒಳಗೆ ತಳ್ಳಿದೆ ಅಪ್ಪ. ಹಿಂದಿದ್ದ ಬಾಗಿಲೂ ಜೊತೆಗೆ ಬಂತು. ನಾನು ನೋಡ್ಲಿಲ್ಲ."

"ಅಷ್ಟು ದೊಡ್ಡ ಬಾಗಿಲು ಕಾಣ್ಲಿಲ್ವಾ?"

"ನಿಮಗೆ ಮೊದಲು ಕಂಡಿದ್ದು ನಾನಾ, ಬಾಗಿಲಾ?"

ಅಡುಗೆಮನೆಯಿಂದ ಅಮ್ಮ ಕೆಮ್ಮಿದರು. (ಆ ಮನೆಯಲ್ಲಿ ತೀರ್ಪು ಹೊರಬೀಳುವುದು ಹಾಗೆಯೇ.)

ನೆಟ್ಟಗಪ್ಪನವರು ದನಿ ತಗ್ಗಿಸಿದರು. "ಇದ್ದದ್ದನ್ನ ಇದ್ದ ಹಾಗೆ ಹಾಕಿದ್ರೆ ಏನಾಗುತ್ತೆ?"

"ಎಲ್ಲರೂ ತಿದ್ದಿನೇ ಹಾಕ್ತಾರೆ. ನಾನೊಬ್ಬಳೇ ಇದ್ದ ಹಾಗೆ ಹಾಕಿದ್ರೆ, ನಾನೊಬ್ಬಳೇ ದಪ್ಪ."

ಅವಳು ಇದನ್ನು ನಗದೆ ಹೇಳಿದಳು. ಅಪ್ಪನಿಗೆ ಬಾಗಿಲು ಅರೆಗಳಿಗೆ ಮರೆತುಹೋಯಿತು.

"ಒಬ್ಬಳೇ ಬೇಡ. ಪಕ್ಕದಲ್ಲಿ ನಾನೂ ನಿಲ್ತೀನಿ. ದೇವರು ಕೊಟ್ಟ ಮೈ ಕೊಟ್ಟ ಹಾಗೇ ಇರಲಿ. ಅದಕ್ಕೆ ನಾಚಿಕೆ ಯಾಕೆ?"

ಹೀಗೆ ಉಪದೇಶಾಮೃತ ಕುಡಿಸಿ, ರಸಮಟ್ಟವನ್ನು ಚೌಕಟ್ಟಿಗೆ ಆನಿಸಿ, ಶಿಲ್ಪದಂತೆ ಪಕ್ಕಕ್ಕೆ ತಿರುಗಿ ನಿಂತರು. ಅಮ್ಮ ಫೋಟೊ ತೆಗೆದರು. ಮಗಳು ಕಣ್ಣು ಮುಚ್ಚಿಕೊಂಡು, ಏನೂ ತಿದ್ದದೆ ಹಾಕಿದಳು.

ಸಂಜೆ ಕಂಟ್ರಾಕ್ಟರು ಫೋನ್ ಮಾಡಿದರು. "ಬಾಗಿಲು ಗೆರೆ ಎಳೆದ ಹಾಗಿದೆ. ಕೆಲಸ ನಿಮ್ಮದೇ."

ನೆಟ್ಟಗಪ್ಪನವರು ಬೀಗುತ್ತಾ ಮಗಳ ಕಡೆ ತಿರುಗಿದರು. "ನಿನ್ನ ಸೊಂಟದ ಬಗ್ಗೆ ಯಾರಾದ್ರೂ ಏನಾದ್ರೂ ಅಂದ್ರಾ?"

"ಒಬ್ಬರೂ ಇಲ್ಲ ಅಪ್ಪ." ಅವಳ ಮುಖ ಹೂವಾಗಿತ್ತು. "ಎಲ್ಲಾ ನಿಮ್ಮ ಹೊಟ್ಟೆ ಬಗ್ಗೆನೇ. ಬಾಗಿಲಿಗಿಂತ ಮೊದಲು ಅದೇ ಬಂದು ಸ್ವಾಗತ ಮಾಡುತ್ತಂತೆ."

ನೆಟ್ಟಗಪ್ಪನವರು ಕನ್ನಡಕ ಏರಿಸಿ, ಮೊಬೈಲು ಇಸಿದುಕೊಂಡು ಮೂಲೆಗೆ ಹೋದರು. ಜನ ಬರೆದದ್ದನ್ನೆಲ್ಲಾ ಒಂದೊಂದಾಗಿ ಓದಿದರು.

"ಕೆಲಸ ಸಿಕ್ತಲ್ರೀ, ಇನ್ನೇನು ನೋಡ್ತಿದ್ದೀರ?" ಎಂದರು ಹೆಂಡತಿ.

ಅವರು ಮೊಬೈಲನ್ನು ಮೆಲ್ಲಗೆ ಮಗಳ ಕಡೆ ಚಾಚಿದರು. "ನಂದೂ ಸ್ವಲ್ಪ ಒಳಗೆ ತಳ್ಳಮ್ಮ."

"ಬಾಗಿಲು ಬಾಗುತ್ತೆ ಅಪ್ಪ. ಕಂಟ್ರಾಕ್ಟರು ಕೇಳಿದ್ರೆ ಏನಂತೀರ?"

"ಮಳೆಗೆ ಬಾಗಿತು ಅಂದ್ರಾಯ್ತು."