ಕುದುರೆ ಕೂದಲಿಗೆ ಎಣ್ಣೆ

ನಮ್ಮ ಮನೆಯವರು ಗೆನ್‌ಫಾ ತೀರಿಕೊಂಡು ವರ್ಷ ತುಂಬುವ ದಿನ ಅಳಿಯನ ಸೊಕ್ಕು ಮುರಿದೇ ಮುರಿಯುತ್ತೇನೆ ಅಂತ ಶಪಥ ಮಾಡಿದ್ದೆ!

ಅಳಿಯನ ಹೆಸರು ಕುವಾಂಗ್. ಶಾಂಘೈನಲ್ಲಿ ಯಾರು ಕರೆದರೂ ಹೋಗಿ ಕೀಬೋರ್ಡ್ ಬಾರಿಸುತ್ತಾನೆ. ಅವನದು ಬೆರಕೆ ಸಂಗೀತ. ನಮ್ಮೂರ ಚಹಾ ಅಂಗಡಿಗಳಲ್ಲಿ ನುಡಿಸುವ ಹಳೇ ರಾಗಕ್ಕೆ ವಿಲಾಯಿತಿ ಡ್ರಮ್ಮು, ಗಿಟಾರು, ಸ್ಯಾಕ್ಸೋಫೋನು. ಸೋಯಾದಲ್ಲಿ ಬೆಂದ ಹಂದಿಮಾಂಸದ ಮೇಲೆ ಐಸ್‌ಕ್ರೀಮು!

"ಅಮ್ಮಾ, ಈಗಿನ ಹುಡುಗ್ರು ಕೇಳೋದೇ ಇದನ್ನ."

"ಈಗಿನ ಹುಡುಗ್ರು ಏನು ಬೇಕಾದ್ರೂ ಕೇಳ್ತಾರೆ. ಮನೆಯವರ ಮಾತೊಂದು ಬಿಟ್ಟು."

"ಅಪ್ಪ ಇದ್ದಿದ್ರೆ..."

"ಇದ್ದಿದ್ರೆ ಆ ಕೀಬೋರ್ಡ್ ಪೆಟ್ಟಿಗೆ ಎತ್ತಿ ನಿನ್ನ ತಲೆ ಮೇಲೆ ಬಾರಿಸ್ತಿದ್ರು. ಅದಾದ್ರೂ ತಾಳಕ್ಕೆ ಸರಿಯಾಗಿ ಇರ್ತಿತ್ತು!"

ವರ್ಷ ತುಂಬುವ ದಿನ ಮನೆಯವರ ಎರ್ಹು ಒಂದೇ ನುಡಿಯಬೇಕು. ಎರಡೇ ತಂತಿ, ಹಾವಿನ ಚರ್ಮದ ಬುರುಡೆ. ಓಣಿಗೆ ಓಣಿಯೇ ಅಳಬೇಕು. ನುಡಿಸಲು ಅವರ ಹಳೇ ಜೊತೆಗಾರ ಯಿನ್ ಅಣ್ಣನಿಗೆ ಹೇಳಿದೆ.

ಹಿಂದಿನ ದಿನ ಎರ್ಹು ಹೊರಗೆ ತೆಗೆದೆ. ಕಮಾನಿನ ಕೂದಲ ತುಂಬ ಬಿಳಿ ಪುಡಿ! ಅವರು ನುಡಿಸಿ ಎದ್ದ ಮೇಲೆ ಮೂವತ್ತೊಂದು ವರ್ಷ ನೆಲದಿಂದ ಗುಡಿಸಿದ್ದು ಇದನ್ನೇ. ಕಮಾನು ಎರಡು ತಂತಿಯ ನಡುವೆ ಸಿಕ್ಕಿಕೊಂಡಿರುತ್ತದೆ, ಬಿಚ್ಚಲು ಬರುವುದಿಲ್ಲ. ಇದ್ದಲ್ಲೇ ಸಾಬೂನು ಹಾಕಿ ತಿಕ್ಕಿದೆ. ಒಣಗಿದ ಮೇಲೆ ಒರಟಾಯಿತು. ಕುದುರೆ ಬಾಲದ್ದಾದರೇನು, ಕೂದಲು ಕೂದಲೇ ತಾನೇ? ಎಣ್ಣೆ ಹಚ್ಚಿದೆ. ಧಾರಾಳವಾಗಿ. ಬಾಚಿದೆ ಕೂಡ!

ಮರುದಿನ ಅವರ ಫೋಟೋ ಮುಂದೆ ಅನ್ನದ ಬಟ್ಟಲು, ಊಟದ ಜೋಡಿ ಕಡ್ಡಿ, ಒಂದು ಲೋಟ ಅಕ್ಕಿ ಮದ್ಯ ಇಟ್ಟೆವು. ಓಣಿಯಲ್ಲಿ ಸ್ಟೂಲು ಹಾಕಿದೆವು. ಕುವಾಂಗ್ ಪೆಟ್ಟಿಗೆ ಹೊತ್ತು ಬಂದ. ಚರಂಡಿ ಪಕ್ಕ ಕೂರಿಸಿದೆ.

ಯಿನ್ ಅಣ್ಣ ಕಣ್ಣು ಮುಚ್ಚಿದರು. ಕಮಾನು ಎಳೆದರು.

ಸದ್ದೇ ಇಲ್ಲ!

ಇನ್ನೊಂದು ಸಲ ಎಳೆದರು. ಬೆಕ್ಕು ಬೆಣ್ಣೆ ಮೇಲೆ ನಡೆದಷ್ಟೂ ಸದ್ದಿಲ್ಲ. ಕಿವಿಯ ಮಿಷನ್ನು ತೆಗೆದು ಕುಟ್ಟಿ ಮತ್ತೆ ಹಾಕಿಕೊಂಡರು. ಪಕ್ಕದ ಮನೆ ಚೂ ಅಕ್ಕ, "ಬಹಳ ಗಂಭೀರವಾದ ರಾಗ," ಅಂತ ಕಣ್ಣು ಒರೆಸಿಕೊಂಡಳು!

ಅಣ್ಣ ಕಮಾನು ಮೂಸಿ ನೋಡಿದರು. "ತಂಗೀ, ಇದನ್ನ ಹುರಿಯೋಕೆ ಇಟ್ಟಿದ್ಯಾ?"

"ಎಣ್ಣೆ ಅಣ್ಣಾ. ಕೂದಲಿಗೆ."

"ರಾಳದ ಪುಡಿ ಇತ್ತಲ್ಲ?"

"ತೊಳೆದೆ."

"ನುಡಿಸೋದೇ ಆ ಪುಡಿ ಕಣಮ್ಮಾ! ಅಂಟಿಲ್ದೆ ಕಮಾನು ತಂತೀನ ಹಿಡಿಯೋದು ಹೇಗೆ?"

ಓಣಿ ಅಳಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅವರ ರಾಗ ಇನ್ನೊಂದು ಸಲ ಕೇಳಬೇಕು ಅಂತ ವರ್ಷ ಪೂರ್ತಿ ಕಾದಿದ್ದೆ. ಕೈಯಾರೆ ತೊಳೆದು ಹಾಕಿದ್ದೆ.

ಕುವಾಂಗ್ ಎದ್ದ. "ಅಮ್ಮಾ, ಬೈಬೇಡಿ," ಅಂತ ಪೆಟ್ಟಿಗೆಯ ಗುಂಡಿ ಒತ್ತಿದ.

ಢಬ್! ಢಬ್! ಡ್ರಮ್ಮು. ಕಾಲಿನ ಚಪ್ಪಲಿ ಕೈಗೆ ಬಂತು.

ಆಮೇಲೆ ಎರ್ಹು. ಜಾರಿ ಬಂದು, ಸ್ವರದ ಹತ್ತಿರ ಒಂದು ಚೂರು ತಡೆದು, ಆಮೇಲೆ ಮುಟ್ಟುವ ಕೈ. ಅದು ಒಬ್ಬರದೇ. ಚಪ್ಪಲಿ ಹಾಗೇ ಕೈಯಲ್ಲಿ ಉಳಿಯಿತು.

"ಅಪ್ಪ ನಮ್ಮನೆಗೆ ಬಂದು ನುಡಿಸಿದ್ದು. ನಿಮಗೆ ಹೇಳ್ಬೇಡ ಅಂದಿದ್ರು."

"ಡ್ರಮ್ಮಿನ ಜೊತೆ?"

"ಡ್ರಮ್ಮು ಕೇಳಿದ್ದೇ ಅವರು."

ರಾಗ ಮುಗಿಯಿತು. ಪೆಟ್ಟಿಗೆಯೊಳಗೆ ಕೆಮ್ಮು. ಆಮೇಲೆ ಅವರದೇ ದನಿ, ಓಣಿಗೆಲ್ಲ ಕೇಳುವ ಹಾಗೆ:

"ಚೆನ್ನಾಗಿ ಬಂತು ಕಣೋ. ಡ್ರಮ್ಮು ಇನ್ನೂ ಜೋರು ಮಾಡು. ನಿಮ್ಮತ್ತೇನ ಕಟ್ಕೊಂಡು ಬದುಕಿದವನಿಗೆ ಇಷ್ಟು ಗಲಾಟೆ ಯಾವ ಲೆಕ್ಕ!"

ಯಿನ್ ಅಣ್ಣ ನಗುತ್ತಾ ಸ್ಟೂಲಿನಿಂದ ಬಿದ್ದರು. ಕುವಾಂಗ್ ಬೆವರುತ್ತಾ ಗುಂಡಿಗೆ ಕೈ ಹಾಕಿದ. ಆ ಕೈ ಹಿಡಿದೆ.

"ಆರಿಸ್ಬೇಡ. ಇನ್ನೊಂದು ಸಲ ಹಾಕು."

"ರಾಗ ಮೊದಲಿಂದನಾ ಅಮ್ಮಾ?"

"ರಾಗ ಯಾರಿಗೆ ಬೇಕೋ? ನನ್ನ ಆಡ್ಕೊಂಡ್ರಲ್ಲ, ಅದನ್ನ ಹಾಕು."