ಕಾಕಾನ ಬೆನ್ನಿಗೆ ಒಂದು ಡ್ರೆಸ್ಸಿಂಗು

ವಿಜ್ಞಾನ ಕಲಿಸುವವರಿಗೆ ವೈದ್ಯಕೀಯವೂ ಬರುತ್ತದೆ ಎಂಬ ನಂಬಿಕೆ ನಮ್ಮ ಬಳಗದಲ್ಲಿ ಬಲವಾಗಿದೆ. ಬೈಲಹೊಂಗಲದ ಹೈಸ್ಕೂಲೊಂದರಲ್ಲಿ ಕೆಂಪು, ನೀಲಿ ಚಾಕ್‌ಪೀಸಿನಿಂದ ನಾನು ಹೃದಯದ ಚಿತ್ರವನ್ನು ಚೆಂದಾಗಿ ಬಿಡಿಸುತ್ತೇನೆ, ಅಷ್ಟೆ. ಆದರೂ ಬಳಗದಲ್ಲಿ ಯಾರಿಗೆ ಕೆಮ್ಮು ಬಂದರೂ ಫೋನು ನನಗೇ. ಒಳಗೊಳಗೇ ನನಗೂ ಅದು ಇಷ್ಟವೆಂಬುದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಹೀಗಾಗಿ ಸಿರಸಂಗಿಯ ನಮ್ಮ ಕಾಕಾನ ಬೆನ್ನ ಮೇಲೆ ನಿಂಬೆಹಣ್ಣಿನಷ್ಟು ಕೊಬ್ಬಿನ ಗಂಟು ಎದ್ದಾಗ, ಅವನನ್ನು ಆಸ್ಪತ್ರೆಗೆ ಕರೆದೊಯ್ಯುವ ಹಿರಿತನ ತಾನಾಗಿಯೇ ನನ್ನ ಪಾಲಿಗೆ ಬಂತು.

ಆಪರೇಷನ್ ಅರ್ಧ ಗಂಟೆಯಲ್ಲಿ ಮುಗಿಯಿತು. ಗಂಟು ಹೋಯಿತು, ಐದು ಹೊಲಿಗೆ ಬಂದವು. "ದಿನಾ ಬಿಟ್ಟ ದಿನಾ ಡ್ರೆಸ್ಸಿಂಗ್ ಮಾಡಸ್ರಿ" ಎಂದು ಮನೆಗೆ ಕಳಿಸಿದರು. ಹೇಳಿದ ದಿನ ಹೋದರೆ ಕೌಂಟರಿನ ಹುಡುಗಿ, ಮದುವೆ ಮುಗಿದ ಮರುದಿನವೂ ಊಟಕ್ಕೆ ಬಂದವರನ್ನು ನೋಡುವಂತೆ ನೋಡಿ, "ಆಪರೇಷನ್ ಆಗೇತಲ್ರಿ, ಮತ್ಯಾಕ ಬಂದ್ರಿ?" ಎಂದಳು. ಅವಳು ಕೈ ತೋರಿದ ನಾಲ್ಕನೇ ಕೋಣೆಗೆ ಹೋದೆವು. ಫೈಲು ಎರಡನೇ ಕೋಣೆಯಲ್ಲಿದೆ ಎಂದರು. ಎರಡನೇ ಕೋಣೆಗೆ ಬೀಗ, ಬೀಗದ ಕೈ ಸಿಸ್ಟರ್ ಹತ್ತಿರ, ಸಿಸ್ಟರ್ ಊಟಕ್ಕೆ. ಕಾಯುತ್ತಾ ಕೂತ ಕಾಕಾ ಅಂಗಿ ಬಿಚ್ಚಿ ಹೆಗಲಿಗೆ ಹಾಕಿಕೊಂಡ.

"ಅಂಗಿ ಹಾಕ್ಕೊ ಕಾಕಾ, ಮಂದಿ ನೋಡ್ತಾರ."

"ನೋಡ್ಲಿ ಬಿಡವಾ. ನೋಡಾವ್ರ ಸಿಗವಲ್ರು ಅಂತನ ಕುಂತೇವಿ."

ಬಾಗಿಲು ಕಾಯುವವನಿಗೂ ಬೆನ್ನು ತೋರಿಸಿದ. ಯರಗಟ್ಟಿಯಿಂದ ಬಂದಿದ್ದ ಅಜ್ಜಿಯೊಬ್ಬಳು ಬಗ್ಗಿ ನೋಡಿ, "ಅರಿಷಿಣ ಹಚ್ಚು ತಮ್ಮಾ" ಎಂದಳು. ಆವತ್ತು ಕಾಕಾನ ಬೆನ್ನಿಗೆ ಸಿಕ್ಕ ಮೊದಲ ವೈದ್ಯಕೀಯ ಸಲಹೆ ಅದು. ಅವನು ನಗುತ್ತಿದ್ದ, ಆದರೆ ಮೈ ಬಿಸಿಯಾಗಿತ್ತು. ಪಟ್ಟಿಯೂ ಒದ್ದೆಯಾಗಿತ್ತು.

ಎರಡು ತಾಸಿನ ಮೇಲೆ ಸಿಸ್ಟರ್ ಬಂದಳು. "ಇದೇನ್ ದೊಡ್ಡ ಕೆಲಸ ಅಲ್ರಿ, ಮನ್ಯಾಗ ನೀವ ಮಾಡಬಹುದು. ಹಿಂಗ ಬರ್ರಿ, ತೋರಸ್ತೇನಿ."

"ನಾ ಸೈನ್ಸ್ ಟೀಚರ್ ಅದೀನ್ರಿ" ಎಂದು ಕನ್ನಡಕ ಏರಿಸಿಕೊಂಡು ಬಗ್ಗಿದೆ. ಅವಳು ಪಟ್ಟಿ ಎಳೆದಳು. ನನಗೆ ನೆನಪಿರುವುದು ಅಲ್ಲಿಯವರೆಗೆ ಮಾತ್ರ.

ಕಣ್ಣು ಬಿಟ್ಟರೆ ಮಂಚದ ಮೇಲಿದ್ದೆ. ಒಬ್ಬಳು ಬಿಪಿ ನೋಡುತ್ತಿದ್ದಳು, ಇನ್ನೊಬ್ಬಳು ಸಲೈನ್ ಹಚ್ಚುತ್ತಿದ್ದಳು, ಅಲ್ಲಿಯತನಕ ಕಾಣದಿದ್ದ ಡಾಕ್ಟರು ಖುದ್ದಾಗಿ ನನ್ನ ನಾಡಿ ಹಿಡಿದು ನಿಂತಿದ್ದರು. ಕೌಂಟರಿನ ಹುಡುಗಿ ಚಹಾ ತಂದಿದ್ದಳು. ಕಾಕಾ ಬರಿಮೈಯಲ್ಲಿ ನಿಂತು ಅಂಗಿಯಿಂದ ನನಗೆ ಗಾಳಿ ಹಾಕುತ್ತಿದ್ದ. ಅವನು ಚಹಾ ತೆಗೆದುಕೊಳ್ಳಲು ತಿರುಗಿದಾಗ ಡಾಕ್ಟರ ಕಣ್ಣು ಬೆನ್ನ ಮೇಲೆ ಬಿತ್ತು.

"ಇದನ್ನ ಕೊಯ್ದವ್ರು ಯಾರ್ರಿ?"

"ನೀವರೀ" ಎಂದ ಕಾಕಾ, ಕಪ್ಪು ಹಿಡಿದುಕೊಂಡೇ.

ಹೊಲಿಗೆಯಲ್ಲಿ ಕೀವು ತುಂಬಿತ್ತು. ಇನ್ನೆರಡು ದಿನ ಹಾಗೇ ಬಿಟ್ಟಿದ್ದರೆ ಕಷ್ಟವಿತ್ತು ಎಂದು ಡಾಕ್ಟರೇ ಒಪ್ಪಿಕೊಂಡು, ಅಲ್ಲೇ ಗಾಯ ತೊಳೆದು, ಇಂಜೆಕ್ಷನ್ ಕೊಟ್ಟು, ಗುಳಿಗೆ ಬದಲಿಸಿದರು. ನಾನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದೆ.

ಮರುದಿನ ಆಸ್ಪತ್ರೆಯಿಂದ ಫೋನು ಬಂತು. "ಟೀಚರ್, ತಲಿ ತಿರಗೂದು ಕಡಿಮಿ ಆತೇನ್ರಿ?" ಬೆನ್ನಿನ ಸುದ್ದಿ ಯಾರೂ ಕೇಳಲಿಲ್ಲ. ಪುಣ್ಯಕ್ಕೆ ಅಷ್ಟರಲ್ಲಿ ಕಾಕಾನ ಜ್ವರ ಇಳಿದಿತ್ತು. ಅದರ ಮರುದಿನ ಬೆಳಿಗ್ಗೆ ಕಾಕಾನದೇ ಫೋನು.

"ಯವ್ವಾ, ಇವತ್ತ ಮತ್ತ ಡ್ರೆಸ್ಸಿಂಗ್ ಐತಿ, ಬಾ. ಆದ್ರ ಈ ಸಲ ಅಷ್ಟೊತ್ತು ಕಾಯಬ್ಯಾಡ. ಕೌಂಟರ್ ಮುಂದನ ಬಿದ್ದಬಿಡು."

ಸೈನ್ಸ್ ಟೀಚರ್‌ಗೆ ಹೇಳುವ ಮಾತೇ ಇದು ಎಂದು ಸಿಟ್ಟು ಬಂತು. ಆಮೇಲೆ ಶಾಲೆಗೆ ರಜೆ ಹೇಳಿ, ಕೊಳೆಯಾದರೂ ಚಿಂತೆಯಿಲ್ಲದ ಹಳೆಯ ಸೀರೆಯೊಂದನ್ನು ಹುಡುಕಿ ಉಟ್ಟುಕೊಂಡೆ.